ಎಡ ಕೆಳಮೂಲೆಯ ಗುರುತು

ಹೋದ ತಿಂಗಳು ಶಿವಾಜಿನಗರದಲ್ಲಿ ಬಸ್ಸಿಳಿದು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಡೆಯುತ್ತಿದ್ದಾಗ ಗುಜರಿ ಅಂಗಡಿಯೊಂದರ ಮುಂದೆ ಕಾಲು ತಾನಾಗಿ ನಿಂತಿತು. ಮೊದಲು ಗೊತ್ತಾಗಿದ್ದು ಮೂಗಿಗೆ. ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆ, ಇಂಕು ಕುಡಿದ ರಿಬ್ಬನ್ನು, ಹಳೇ ಕಬ್ಬಿಣ, ಮೂರೂ ಸೇರಿದ ವಾಸನೆ. ಒಡೆದ ಮಿಕ್ಸಿಗಳ ರಾಶಿಯ ಮೇಲೆ ಒಂದು ಕನ್ನಡ ಟೈಪ್‌ರೈಟರ್ ಕೂತಿತ್ತು.

"ತಗೊಳ್ಳಿ ಮೇಡಂ, ಇಂದಿರಾನಗರದ ಕೆಫೆಯೋರು ಶೋಗೆ ಇಡೋಕೆ ಒಯ್ತಾರೆ" ಎಂದ ಅಂಗಡಿಯವನು.

"ಶೋಗೆ ಇಡೋ ಸಾಮಾನಲ್ಲಪ್ಪ ಇದು" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಗಡಸಾಗಿತ್ತು. ಪಾಪ, ಅವನಿಗೇನು ಗೊತ್ತು. ಅಂಥದೇ ಮಿಷನ್ನಿನ ಮುಂದೆ ಕೂತು ದುಡಿದ ಒಂದು ವರ್ಷದಲ್ಲಿ ನನ್ನ ಮಾನ ಹರಾಜಿಗೆ ಬಂದು, ನಾನೇ ಅದನ್ನು ವಾಪಸು ತಂದಿದ್ದೆ. ತೊಂಬತ್ತೇಳರ ಮಳೆಗಾಲದಿಂದ ತೊಂಬತ್ತೆಂಟರ ಬೇಸಿಗೆಯವರೆಗಿನ ಮಾತು.

ನಮ್ಮದು ಕಲಬುರಗಿ ಕಡೆ. ಅಪ್ಪ ಗೌಂಡಿ, ಗಾರೆ ಕೆಲಸದವನು. ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಆಚೆ ಸಾಲಾಗಿ ಎಂಟು ಕೋಣೆ, ಮಧ್ಯೆ ಅಂಗಳ, ಅಂಗಳಕ್ಕೆ ಒಂದೇ ನಲ್ಲಿ. ಅಂಥ ವಠಾರದ ಮೂರನೇ ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಎಂಟೂ ಮನೆಯವರು ನಮ್ಮ ಸೀಮೆಯವರೇ. ಅಪ್ಪ, ಅವ್ವ ಇಬ್ಬರಿಗೂ ಓದು ಬರುತ್ತಿರಲಿಲ್ಲ. ಸಾಲಿನಲ್ಲಿ ಚೆನ್ನಾಗಿ ಓದಬಲ್ಲವಳು ನಾನೊಬ್ಬಳೇ, ಶರಣಮ್ಮ. ಹಾಗಾಗಿ ಊರಿಂದ ಯಾರಿಗೆ ಪತ್ರ ಬಂದರೂ ಅಂಗಳದ ಕಟ್ಟೆಯ ಮೇಲೆ ಕೂತು ನಾನೇ ಓದಬೇಕು, ಎಲ್ಲರೂ ಕೇಳಬೇಕು. ಒಬ್ಬರ ಪತ್ರ ಎಲ್ಲರ ಪತ್ರ ಎಂಬುದು ನಮ್ಮಲ್ಲಿ ಯಾರೂ ಹೇಳದೆ ನಡೆದುಬಂದ ಪದ್ಧತಿ. ಓದಿ ಮುಗಿಸಿದ ಮೇಲೆ ಅಪ್ಪ ಪ್ರತಿಸಲವೂ ಕೇಳುತ್ತಿದ್ದ, "ಕೆಳಗ ಯಾರ ಹೆಸರದ?" ಬರೆದವರು ಯಾರೆಂದು ಮೊದಲ ಸಾಲಿಗೇ ತಿಳಿದಿದ್ದರೂ ಕೇಳುತ್ತಿದ್ದ. ಹೆಸರು ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಪತ್ರ ಮುಗಿದಂತೆ.

ಆ ವರ್ಷ ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಹಗಲು ಶಿವಾಜಿನಗರದಲ್ಲಿ ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕೆಲಸ. ನನಗೆ ಬೇಕಾಗಿದ್ದುದು ಒಂದೇ: ಬೇಸಿಗೆಯಲ್ಲಿ ಪರೀಕ್ಷೆ ಬರೆದು ಇತಿಹಾಸದಲ್ಲಿ ಎಂ.ಎ.ಗೆ ಸೇರಬೇಕು. ಅಪ್ಪ ಒಪ್ಪಿದ್ದ, ಒಂದೇ ಷರತ್ತಿನ ಮೇಲೆ. "ಎಷ್ಟ ಬೇಕಾದ್ರೂ ಓದು. ಮಂದಿ ಬಾಯಾಗ ಮಾತ್ರ ಬೀಳಬ್ಯಾಡ." ಮಂದಿಯ ಬಾಯಿ ನನ್ನ ಕೈಯಲ್ಲಿದೆಯೇ ಎಂದು ಆಗಲೇ ಕೇಳಬೇಕೆನಿಸಿತ್ತು. ಆದರೆ ಒಪ್ಪಿಗೆ ಸಿಕ್ಕ ಗಳಿಗೆಯಲ್ಲಿ ವಾದ ಮಾಡುವಷ್ಟು ದಡ್ಡಿ ನಾನಲ್ಲ, ಸುಮ್ಮನಿದ್ದೆ.

ಅಂಗಡಿ ಜಬ್ಬಾರ್ ಸಾಹೇಬರದು. ಅರವತ್ತು ದಾಟಿದ ಮನುಷ್ಯ. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು. ಆರು ಮಿಷನ್ನು, ಆರಕ್ಕೂ ನಂಬರು. ಸುತ್ತಮುತ್ತ ಕಂಪ್ಯೂಟರಿನ ಡಿಟಿಪಿ ಅಂಗಡಿಗಳು ಏಳುತ್ತಿದ್ದವು. ಸಾಹೇಬರು ಮಾತ್ರ, "ಕರೆಂಟ್ ಹೋದ್ರೆ ಅವರು ಬೀಡಿ ಸೇದ್ತಾರೆ, ನಾವು ಕೆಲಸ ಮಾಡ್ತೀವಿ" ಎಂದು ನಗುತ್ತಿದ್ದರು. ಅವರ ಅಂಗಡಿಗೆ ಎರಡೇ ನಿಯಮ. ಗಿರಾಕಿ ಬರೆದದ್ದನ್ನು ಬರೆದ ಹಾಗೆ ಟೈಪ್ ಮಾಡಬೇಕು. ಮಾಡಿ ಮುಗಿಸಿದ ಕೊನೆಯ ಹಾಳೆಯ ಎಡಗಡೆ ಕೆಳಮೂಲೆಯಲ್ಲಿ, ಯಾರು ಟೈಪ್ ಮಾಡಿದರೋ ಅವರ ಹೆಸರಿನ ಮೊದಲಕ್ಷರ ಹಾಕಬೇಕು. ಗಿರಾಕಿ ತಪ್ಪು ಹಿಡಿದು ತಂದರೆ ಯಾರದೆಂದು ಗೊತ್ತಾಗಬೇಕಲ್ಲ. ನನ್ನದು 'ಶ'. ಸಂಪತ್ ಅಣ್ಣನದು 'ಸಂ'. ದಿನಕ್ಕೆ ಹತ್ತಾರು ಸಲ ಹಾಕಿ ಹಾಕಿ ಆ ಅಕ್ಷರ ಬೆರಳಿಗೆ ಅಂಟಿಕೊಂಡಿತ್ತು. ಒಮ್ಮೆ ತಮ್ಮನಿಗೆ ರಜೆ ಅರ್ಜಿ ಬರೆದುಕೊಡುವಾಗಲೂ ಕೆಳಗೆ 'ಶ' ಹಾಕಿದ್ದೆ, ಅವನು ಮೇಷ್ಟರ ಕೈಲಿ ಬೈಸಿಕೊಂಡು ಬಂದಿದ್ದ.

ಸಂಪತ್ ಅಣ್ಣ ಹಲಸೂರಿನವರು, ಮನೆಮಾತು ತಮಿಳು. ಹದಿನೆಂಟು ವರ್ಷದಿಂದ ಒಂದನೇ ನಂಬರ್ ಮಿಷನ್ನಿನ ಮುಂದೆ ಕೂತವರು. ಕಿಟಕಿ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಜಾಗ ಅದು. ಅವರ ಬೆರಳು ಓಡುವುದನ್ನು ನೋಡಲು ಗಿರಾಕಿಗಳು ಸುಮ್ಮನೆ ನಿಲ್ಲುತ್ತಿದ್ದರು. ನನಗೆ ಕೀಲಿ ನೋಡದೆ ಹೊಡೆಯುವುದನ್ನು, ಬೆರಳಿಗೆ ಮಸಿಯಾಗದ ಹಾಗೆ ರಿಬ್ಬನ್ನು ಬದಲಿಸುವುದನ್ನು ಕಲಿಸಿದವರು ಅವರೇ. ನನ್ನ ಪರೀಕ್ಷೆಯ ಅರ್ಜಿಗೆ ಮನೆಯ ವಿಳಾಸ ಟೈಪ್ ಮಾಡಿಕೊಟ್ಟವರೂ ಅವರೇ. ಎಸ್ಸೆಸ್ಸೆಲ್ಸಿಗೆ ಅವರ ಓದು ನಿಂತಿತ್ತು. "ಎಷ್ಟು ಜನಾನ ಡಾಕ್ಟರ್ ಮಾಡಿದೀನಿ ಗೊತ್ತಾಮ್ಮ ಈ ಬೆರಳಲ್ಲಿ?" ಎಂದು ಕೈ ಎತ್ತಿ ತೋರಿಸುತ್ತಿದ್ದರು. ಪಿಎಚ್.ಡಿ. ಪ್ರಬಂಧಗಳ ಮಾತು ಅದು. ತಮಾಷೆಗೆ ಹೇಳುತ್ತಾರೆಂದುಕೊಂಡಿದ್ದೆ.

ದಸರಾ ರಜೆ ಮುಗಿದ ವಾರ ಒಬ್ಬ ಲೆಕ್ಚರರ್ ಬಂದರು. ಅವರ ಎಂ.ಫಿಲ್. ಪ್ರಬಂಧ ಟೈಪ್ ಆಗಬೇಕಿತ್ತು. ಐನೂರು ಆರುನೂರು ವರ್ಷದ ಹಿಂದೆ ಇಟಲಿಯ ವೆರೋನಾ ಎಂಬ ಊರಲ್ಲಿದ್ದ ಒಬ್ಬ ವಿದ್ವಾಂಸೆಯ ಜೀವನ ಅದರ ವಿಷಯ. ಕೈಬರಹದ ಕಂತೆಯ ಜೊತೆ ಇಂಗ್ಲಿಷ್ ಪುಸ್ತಕಗಳ ಜೆರಾಕ್ಸ್ ಒಂದಿಷ್ಟು. ಕೊನೆಗೆ ಅನುಬಂಧವಾಗಿ ಸೇರಿಸಲು ಇಟ್ಟಿದ್ದರು. ಸಂಪತ್ ಅಣ್ಣನ ಕೈಯಲ್ಲಿ ಬೇರೆ ಕೆಲಸ ಇದ್ದುದರಿಂದ ಅದು ನನ್ನ ಪಾಲಿಗೆ ಬಂತು.

ಆಕೆಯ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಸಾಹೇಬರು ಇಟಲಿ ಬೀಬಿ ಎಂದು ಕರೆದರು, ಅದೇ ಗಟ್ಟಿಯಾಯಿತು. "ಇಟಲಿ ಬೀಬಿ ಎಲ್ಲಿಗೆ ಬಂದ್ಳು ಬೇಟಿ?" ಎಂದು ಚಹಾ ಹೊತ್ತಿಗೆ ಕೇಳುತ್ತಿದ್ದರು. ನಾನು ವರದಿ ಒಪ್ಪಿಸುತ್ತಿದ್ದೆ. ತಂದೆ ಇಲ್ಲ ಸಾಹೇಬರೇ. ತಾಯಿಗೆ ಸ್ವತಃ ಓದು ಬರೋದಿಲ್ಲ, ಆದ್ರೂ ಹೆಣ್ಣುಮಕ್ಕಳಿಗೆ ಮೇಷ್ಟ್ರನ್ನ ಇಟ್ಟು ಲ್ಯಾಟಿನ್ ಕಲಿಸ್ತಾಳೆ. ಅದೇ ಊರಿನ ಒಬ್ಬರು ದೊಡ್ಡ ಪಂಡಿತರು ಇದ್ದಾರೆ, ಅವರಿಗೆ ಇವಳು ಪತ್ರ ಬರೀತಾಳೆ. ಅವರು ಉತ್ತರ ಕೊಡೋದಿಲ್ಲ. ಊರ ಹೆಂಗಸರೇ ಇವಳನ್ನ ನೋಡಿ ನಗ್ತಾರೆ.

"ಆಮೇಲೆ?"

"ಆಮೇಲೆ ಇನ್ನೊಂದು ಪತ್ರ ಬರೀತಾಳೆ. ನೀವು ಸುಮ್ಮನಿದ್ದಿದ್ದಕ್ಕೇ ಊರೆಲ್ಲ ನನ್ನ ಆಡ್ಕೊಂಡು ನಗೋ ಹಾಗಾಯ್ತು ಅಂತ ಪಂಡಿತರನ್ನೇ ತರಾಟೆಗೆ ತಗೋತಾಳೆ. ಆಗ ಉತ್ತರ ಬರುತ್ತೆ."

"ಶಾಬಾಷ್" ಎಂದರು ಸಾಹೇಬರು. ಸಂಪತ್ ಅಣ್ಣ ತಲೆ ಎತ್ತದೆ, "ಟೈಪ್ ಮಾಡೋರು ಕಥೆ ಕೇಳ್ಕೊಂಡು ಕೂತ್ರೆ ಕೆಲಸ ಆಗಲ್ಲ ಭಾಯ್" ಎಂದರು.

ನನಗೆ ನಿಜವಾಗಿ ಕಥೆ ಸಿಕ್ಕಿದ್ದು ಜೆರಾಕ್ಸುಗಳಲ್ಲಿ. ಬಸ್ಸಿನಲ್ಲಿ, ಕಾಲೇಜಿನಲ್ಲಿ, ಡಿಕ್ಷನರಿ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಓದುತ್ತಾ ಹೋದಂತೆ ಲೆಕ್ಚರರ ಕೈಬರಹದಲ್ಲಿ ಸಣ್ಣಪುಟ್ಟ ತಪ್ಪು ಕಾಣತೊಡಗಿದವು. ಒಂದು ಕಡೆ ಅಕ್ಕ ತಂಗಿ ಅದಲು ಬದಲಾಗಿತ್ತು, ಇನ್ನೊಂದು ಕಡೆ ಇಸವಿ ತಪ್ಪಿತ್ತು. ಪೆನ್ಸಿಲಿನಲ್ಲಿ ಗುರುತು ಮಾಡಿ ತೋರಿಸಿದೆ. ಅವರಿಗೆ ಖುಷಿಯಾಯಿತು. "ಇನ್ಮೇಲೆ ನನ್ನ ಕೆಲಸ ಎಲ್ಲ ಈ ಹುಡುಗಿ ಹತ್ರಾನೇ ಮಾಡಿಸಿ" ಎಂದು ಸಾಹೇಬರಿಗೆ ಹೇಳಿಹೋದರು. ಅವರ ಕಾಲೇಜಿನ ಇನ್ನಿಬ್ಬರು ಬಂದು ನನ್ನನ್ನೇ ಕೇಳಿದರು. ಸಾಹೇಬರು ಲೆಕ್ಕ ಹಾಕಿದರು, ಒಂದು ಸೋಮವಾರ ನನ್ನನ್ನು ಒಂದನೇ ನಂಬರಿಗೆ ಕೂರಿಸಿ ಸಂಪತ್ ಅಣ್ಣನನ್ನು ನಾಲ್ಕಕ್ಕೆ ಕಳಿಸಿದರು. "ಸಣ್ಣ ಅಕ್ಷರದ ಜೆರಾಕ್ಸ್ ನೋಡ್ಬೇಕು ಅವಳು, ಬೆಳಕು ಬೇಕು" ಎಂದರು. ಸಂಪತ್ ಅಣ್ಣ ತಮ್ಮ ಕುರ್ಚಿಯ ದಿಂಬನ್ನು ಎತ್ತಿಕೊಂಡು ಒಳಗೆ ಹೋದರು. ನಾಲ್ಕನೇ ಮಿಷನ್ನಿನಲ್ಲಿ 'ರ' ಅಕ್ಷರ ಸಾಲು ಬಿಟ್ಟು ಅರ್ಧ ನೂಲಿನಷ್ಟು ಮೇಲೆ ಹಾರುತ್ತಿತ್ತು, ಎಷ್ಟು ರಿಪೇರಿ ಮಾಡಿಸಿದರೂ ಸರಿಹೋಗಿರಲಿಲ್ಲ. ನನಗೆ ಸಂಕೋಚವಾಗಿದ್ದು ನಿಜ. ಆದರೆ ಕಿಟಕಿಯ ಬೆಳಕು ಹಾಳೆಯ ಮೇಲೆ ಬಿದ್ದಾಗ ಸಂಕೋಚ ಬೇಗ ಹೋಯಿತು, ಅದೂ ನಿಜವೇ.

ಆ ಸಲ ಹಿಂಗಾರು ಬಿಡದೆ ಹಿಡಿಯಿತು. ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆಯಿಂದ ಜಡಿಮಳೆ ಸುರಿದು, ಗೌಂಡಿ ಕೆಲಸ ನಿಂತು, ವಠಾರದ ಗಂಡಸರೆಲ್ಲ ಮನೆಯಲ್ಲಿದ್ದರು. ಅಂಗಡಿಯ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದರಿಂದ ನಾನೂ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಮಳೆ ಬಿಟ್ಟಾಗ ಪೋಸ್ಟ್‌ಮ್ಯಾನ್ ಬಂದು ಅಪ್ಪನ ಹೆಸರಿನ ಲಕೋಟೆ ಕೊಟ್ಟ. ಟೈಪ್ ಮಾಡಿದ ವಿಳಾಸ. ಸರ್ಕಾರದ್ದೋ ಏನೋ ಎಂದು ಎಲ್ಲರೂ ಕಟ್ಟೆಯ ಸುತ್ತ ಕೂಡಿದರು. ಅಪ್ಪ ಲಕೋಟೆ ಹರಿದು ಹಾಳೆಯನ್ನು ನನ್ನ ಕೈಗಿತ್ತ.

"ಓದು."

ಓದುವ ಮೊದಲು ನನ್ನ ಕಣ್ಣು ಅಕ್ಷರಗಳ ಮೇಲೆ ಹೋಯಿತು, ಕಸುಬಿನ ಅಭ್ಯಾಸ. 'ರ' ಎಲ್ಲ ಮೇಲೆ ಹಾರಿದ್ದವು. ನಮ್ಮ ನಾಲ್ಕನೇ ನಂಬರು. ಆಮೇಲೆ ಮೊದಲ ಎರಡು ಸಾಲು ಕಣ್ಣಲ್ಲೇ ಓದಿದೆ. ನಿಮ್ಮ ಮಗಳು ಶರಣಮ್ಮ ಎಂಬುವಳು ಎಂದು ಶುರುವಾಗಿತ್ತು. ಅದು ಮೂಕರ್ಜಿ. ನನ್ನ ಮೇಲೆ ಬಂದ ಮೂಕರ್ಜಿಯನ್ನು ಅಪ್ಪನಿಗೆ, ಅವ್ವನಿಗೆ, ಎಂಟು ಮನೆಯವರಿಗೆ ನಾನೇ ಓದಿಹೇಳಬೇಕಿತ್ತು. ಬರೆದವನಿಗೆ ನನ್ನ ವಿಳಾಸ ಗೊತ್ತಿತ್ತು. ನಮ್ಮ ಮನೆಯಲ್ಲಿ ಪತ್ರ ಓದುವವರು ಯಾರೆಂಬುದು ಗೊತ್ತಿರಲಿಲ್ಲ.

ಆ ಕ್ಷಣ ಈಗಲೂ ನೆನಪಿದೆ. ಸೂರಿನಿಂದ ನೀರು ಹನಿಯುತ್ತಿತ್ತು. ಯಾರೋ ಮಗುವನ್ನು ಸುಮ್ಮನಿರಿಸುತ್ತಿದ್ದರು. ಏನು ಬೇಕಾದರೂ ಓದಬಹುದಿತ್ತು. ರೇಷನ್ ಕಾರ್ಡಿನ ವಿಚಾರ ಅಂತಲೋ, ಊರಲ್ಲಿ ಎಲ್ಲ ಕ್ಷೇಮ ಅಂತಲೋ ನಾಲ್ಕು ಸಾಲು ಹೇಳಿ ಹಾಳೆ ಮಡಚಿದ್ದರೆ ಮುಗಿಯುತ್ತಿತ್ತು. ಆಗ ನೆನಪಾದವಳು ಇಟಲಿ ಬೀಬಿ. ಆಕೆಯ ಮೇಲೂ ಹೆಸರು ಮುಚ್ಚಿಕೊಂಡವನೊಬ್ಬ ಅಸಹ್ಯದ ಪತ್ರ ಬರೆದಿದ್ದ. ಇಷ್ಟು ಓದಿದ ಹೆಣ್ಣು ಶುದ್ಧಳಾಗಿರುವುದು ಸಾಧ್ಯವೇ ಇಲ್ಲ ಎಂಬುದೇ ಅವನ ವಾದ. ಹಿಂದಿನ ವಾರವಷ್ಟೇ ನಾನು ಆ ಪುಟ ಟೈಪ್ ಮಾಡಿದ್ದೆ. ಆರುನೂರು ವರ್ಷವಾದರೂ ಇವರಿಗೆ ಹೊಸ ಮಾತೊಂದು ಹೊಳೆದಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ನಾಚಿಕೆ ಪಡಬೇಕಾದವಳು ನಾನಲ್ಲ ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

ಬರೆದದ್ದನ್ನು ಬರೆದ ಹಾಗೆ ಓದಿದೆ. ನಿಮ್ಮ ಮಗಳು ಮುದುಕ ಸಾಹೇಬನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ. ಪ್ರಬಂಧದ ನೆಪದಲ್ಲಿ ಒಬ್ಬ ಲೆಕ್ಚರರ್ ಜೊತೆ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಸಂಜೆ ಕಾಲೇಜೆಂದು ಹೇಳಿ ಎಲ್ಲಿಗೆ ಹೋಗುತ್ತಾಳೆಂದು ವಿಚಾರಿಸಿ. ಓದಿದ ಹೆಣ್ಣು ಹೀಗೇ. ಬೇಗ ಮದುವೆ ಮಾಡಿ, ಇಲ್ಲವಾದರೆ ತಲೆ ಎತ್ತಿ ತಿರುಗುವಂತಿಲ್ಲ. ಒಂದಕ್ಷರ ಬಿಡಲಿಲ್ಲ. ಒಂದು ಕಡೆ ದನಿ ನಡುಗಿತು, ಆ ಸಾಲನ್ನು ಮತ್ತೆ ಮೊದಲಿಂದ ಓದಿದೆ. "ಇಂತಿ ನಿಮ್ಮ ಹಿತೈಷಿ" ಎಂದು ಮುಗಿಸಿ ತಲೆ ಎತ್ತಿದರೆ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಪ್ರತಿಸಲದ ಅದೇ ಮಾತು ಕೇಳಿದ.

"ಕೆಳಗ ಯಾರ ಹೆಸರದ?"

"ಹೆಸರಿಲ್ಲಪ್ಪ" ಎನ್ನಲು ಹೊರಟವಳು ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಎಡಗಡೆ ಕೆಳಮೂಲೆಯಲ್ಲಿ, ಚೊಕ್ಕವಾಗಿ, ಹದಿನೆಂಟು ವರ್ಷದ ಅಭ್ಯಾಸ ತಾನಾಗಿ ಹೊಡೆದಿದ್ದ ಒಂದಕ್ಷರವಿತ್ತು. ಹೆಸರು ಮುಚ್ಚಿಡಲು ಅಷ್ಟು ಹೆಣಗಿದವನ ಬೆರಳು ಕಡೆಯ ಗಳಿಗೆಯಲ್ಲಿ ಅವನ ಮಾತು ಕೇಳಿರಲಿಲ್ಲ.

"ಸಂ ಅಂತ ಅದಪ್ಪ" ಎಂದೆ.

"ಯಾರಂವ?"

"ನನಗ ಟೈಪಿಂಗ್ ಕಲಿಸಿದವರು."

ಅಂಗಳದಲ್ಲಿ ಗುಸುಗುಸು ಎದ್ದಿತು. ಅಪ್ಪ ಕೈ ಎತ್ತಿ ನಿಲ್ಲಿಸಿದ. "ಇದರಾಗ ಬರದದ್ದು ಖರೇ ಏನು?"

"ಸುಳ್ಳ."

"ನೀ ಬ್ಯಾರೆ ಏನರ ಓದಿದ್ರ ನನಗ ಗೊತ್ತಾಗ್ತಿತ್ತೇನು?"

"ಇಲ್ಲ."

"ಊರಾಗ ಮಳಿ ಆಗ್ಯಾದ, ಬೆಳಿ ಚೆಂದ ಅದ ಅಂತ ಓದಿ ಮಡಚಿ ಇಟ್ಟಿದ್ರ ನಾ ಹೂಂ ಅಂತಿದ್ದೆ. ಇದ್ದದ್ದು ಇದ್ದಂಗ ಓದಿದಿ. ಹಿಂತಾಕಿ ಹೊರಗ ಹೋಗಿ ಸುಳ್ಳ ಮಾಡ್ತಾಳಂದ್ರ ನಾ ನಂಬಂಗಿಲ್ಲ." ಅಷ್ಟು ಹೇಳಿ ಎದ್ದು ಒಳಗೆ ಹೋದ. ಅವನು ಹೋದ ಮೇಲೆ ನನಗೆ ಅಳು ಬಂತು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದು ಬಂದೆ.

ಮಾರನೇ ದಿನ ಅಪ್ಪ ನನ್ನ ಜೊತೆ ಹೊರಟ. ಬೇಡವೆಂದೆ. "ನಾ ಬಾಯಿ ಬಿಡಂಗಿಲ್ಲ, ಕುಂತಿರ್ತೀನಿ" ಎಂದ. ಹೇಳಿದಂತೆಯೇ ಕರಣಿ, ತೂಗುಗುಂಡು ಇದ್ದ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತ. ನಾನು ಒಳಗೆ ಹೋಗಿ ಹಾಳೆಯನ್ನು ನಾಲ್ಕನೇ ಮಿಷನ್ನಿನ ಮೇಲೆ ಇಟ್ಟೆ.

"ಓದಿ ಅಣ್ಣ."

ಸಂಪತ್ ಅಣ್ಣ ನೋಡಿದರು. "ಏನಮ್ಮ ಇದು?"

"ನಮ್ಮಪ್ಪಂಗೆ ಓದೋಕೆ ಬರಲ್ಲ. ನಾನೇ ಓದಿದೆ, ಎಲ್ಲರ ಮುಂದೆ, ಜೋರಾಗಿ. ಈಗ ನೀವು ಓದಿ. ಬರೆದಿರೋ ಹಾಗೇ."

ಅವರು ಓದಲಿಲ್ಲ. ಕಣ್ಣು ಹಾಳೆಯ ಮೇಲಿಂದ ಕೆಳಗಿಳಿದು ಎಡಮೂಲೆಗೆ ಬಂದು ನಿಂತಿದ್ದನ್ನು ನೋಡಿದೆ. ತಮ್ಮ ಬೆರಳುಗಳನ್ನೇ ದಿಟ್ಟಿಸಿಕೊಂಡು ಕೂತರು. ಸಾಹೇಬರು ಬಂದು ಹಾಳೆ ಕಿತ್ತುಕೊಂಡು ಓದಿ, ಇಂಗ್ಲಿಷಿನಲ್ಲಿ ಶುರುಮಾಡಿದರು. ಈಗಿಂದೀಗಲೇ ಹೊರಗೆ ನಡಿ ಎಂದರು. ಸಂಪತ್ ಅಣ್ಣ ದಿಂಬು ಎತ್ತಿಕೊಂಡು ಎದ್ದರು.

"ಹದಿನೆಂಟು ವರ್ಷ ಆ ಕಿಟಕಿ ಪಕ್ಕ ಕೂತಿದ್ದೆ ಭಾಯ್" ಎಂದಷ್ಟೇ ಹೇಳಿದರು.

"ಅವರು ಹೋಗೋದು ಬೇಡ ಸಾಹೇಬರೇ" ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ ಮಾತಲ್ಲ ಅದು, ಯಾರೂ ತಪ್ಪು ತಿಳಿಯಬೇಡಿ. ಅವರು ಹೋದರೆ ಆ ಹುಡುಗಿಯಿಂದ ಹೋದರು ಎಂದು ಗಲ್ಲಿಯಲ್ಲಿ ಇನ್ನೊಂದು ಕಥೆ ಹುಟ್ಟುತ್ತಿತ್ತು. "ಇಲ್ಲೇ ಇರ್ಲಿ. ನಾನೂ ಇರ್ತೀನಿ. ಒಂದನೇ ನಂಬರ್ ಬಿಡಲ್ಲ. ದಿನಾ ನನ್ನ ಮುಖ ನೋಡ್ಲಿ."

ಮೆಟ್ಟಿಲ ಮೇಲೆ ಅಪ್ಪ ಎದ್ದು, ಪಂಚೆ ಕೊಡವಿ, ಚೀಲ ಹೆಗಲಿಗೇರಿಸಿ ತನ್ನ ಕೆಲಸಕ್ಕೆ ಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮೂಕರ್ಜಿ ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರ ದೊಡ್ಡನೆಕ್ಕುಂದಿಯಿಂದ ಸೋದರಮಾವ ಬಂದ. ಅಲ್ಲಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಸುದ್ದಿ ಅಲ್ಲಿಯವರೆಗೂ ಹೋಗಿತ್ತು. "ಮಂದಿ ಸುಮ್ಮಸುಮ್ಮನ ಬರೀತಾರೇನು? ಕಾಲೇಜ ಬಿಡಸು, ಮನ್ಯಾಗ ಕುಂದರ್ಲಿ" ಎಂದ. ಪತ್ರವನ್ನು ಸಾಹೇಬರಿಂದ ವಾಪಸು ತಂದು ಟ್ರಂಕಿನಲ್ಲಿಟ್ಟಿದ್ದೆ, ಅಪ್ಪ ಅದರ ಕಡೆ ಕೈ ತೋರಿಸಿದ. "ಶರಣಾ, ಆ ಪತ್ರ ತಗೊಂಡು ಬಾ. ನಿಮ್ಮ ಮಾಮಾಗೂ ಓದು." ಓದಿದೆ. ಮಾವ ಅರ್ಧಕ್ಕೇ ಎದ್ದು ನಿಂತು, "ಸಾಕು ಬಿಡವ್ವಾ" ಎಂದ. ಅಪ್ಪ, "ಕುಂದರು, ಕೆಳಗಿನ ಗುರುತಿನ ತನಕ ಕೇಳು" ಎಂದ. ಆಮೇಲೆ ಮಾರತ್ತಹಳ್ಳಿಯಿಂದ ಅತ್ತೆ ಬಂದಳು, ಅವಳಿಗೂ ಓದಿದೆ. ಊರಿಂದ ದೊಡ್ಡಪ್ಪ ಬಂದ, ಅವನಿಗೂ. ಐದನೆಯ ಸಲಕ್ಕೆ ವಠಾರದ ಮಕ್ಕಳು ನನಗಿಂತ ಮುಂಚೆಯೇ "ಇಂತಿ ನಿಮ್ಮ ಹಿತೈಷಿ" ಎನ್ನತೊಡಗಿದವು. ಹೆಂಗಸರು ಕಾಳು ಆರಿಸುತ್ತಾ, ಅದೇ ಹಳೇದು ಓದಾಕತ್ಯಾಳ ಎಂದು ಆಕಳಿಸಿದರು. ಹೀಗೆ ಓದಿ ಓದಿ ಆ ಹಾಳೆಯ ವಿಷವೆಲ್ಲ ಇಳಿದುಹೋಯಿತು. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತುವುದು ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ಇಟಲಿ ಬೀಬಿಯ ಕೊನೆಯ ಅಧ್ಯಾಯ ಬಂತು. ಲೆಕ್ಚರರ್ ಹೀಗೆ ಮುಗಿಸಿದ್ದರು: ಅಪವಾದದಿಂದ ನೊಂದ ಆಕೆ ತನ್ನ ಮಿತಿಯನ್ನು ಅರಿತು ಲೇಖನಿ ಕೆಳಗಿಟ್ಟಳು, ತಾಯಿಯ ಮನೆಯ ಏಕಾಂತದಲ್ಲಿ ಮೌನವಾದಳು. ಓದಿ ಕೈ ನಿಂತಿತು. ಏಕಾಂತ ನಿಜ. ಆದರೆ ಆ ಕೋಣೆಯ ತುಂಬ ಪುಸ್ತಕಗಳಿದ್ದವು ಎಂದು ಅವರೇ ಕೊಟ್ಟ ಜೆರಾಕ್ಸ್ ಹೇಳುತ್ತಿತ್ತು. ಮದುವೆಯನ್ನೂ ಆಗದೆ, ಸನ್ಯಾಸವನ್ನೂ ಹಿಡಿಯದೆ ಆಕೆ ಅಲ್ಲೇ ಓದಿದಳು. ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ದೊಡ್ಡ ಹುದ್ದೆಯ ಪಂಡಿತನೊಬ್ಬನ ಜೊತೆ ಆದಮ ಈವರಲ್ಲಿ ಯಾರ ಪಾಪ ಹೆಚ್ಚು ಎಂದು ವಾದ ಹೂಡಿದಳು. ನೀವೇ ಹೆಣ್ಣು ದುರ್ಬಲ ಅನ್ನುತ್ತೀರಿ, ದೇವರು ಅಪ್ಪಣೆ ಕೊಟ್ಟಿದ್ದು ಗಂಡಿಗೆ, ಹಾಗಿದ್ದರೆ ಹೆಚ್ಚಿನ ತಪ್ಪು ಯಾರದಾಯಿತು ಎಂಬುದು ಅವಳ ವಾದದ ತಿರುಳು. ಆ ವಾದವನ್ನು ಬರೆದೂ ಇಟ್ಟಳು. ಇದನ್ನು ಮೌನ ಎನ್ನುವುದಾದರೆ ಮಾತು ಎಂದರೆ ಇನ್ನು ಹೇಗಿರಬೇಕು?

ಲೆಕ್ಚರರ್ ಬಂದಾಗ ಜೆರಾಕ್ಸಿನ ಪುಟ ತೋರಿಸಿ ಹೇಳಿದೆ. ಅವರು ನಕ್ಕರು. "ಗೊತ್ತಮ್ಮ. ಅದನ್ನೆಲ್ಲ ಹಾಕಿದ್ರೆ ಅಧ್ಯಾಯ ಉದ್ದ ಆಗುತ್ತೆ. ದುರಂತ ಅಂತ ಮುಗಿದ್ರೆ ಗೈಡ್‌ಗೂ ಇಷ್ಟ. ಅನುಬಂಧಾನೂ ಬೇಡ, ತೆಗೆದ್ಬಿಡಿ."

"ಆದ್ರೆ ಅವಳು ಬರೆದ್ಳಲ್ಲ ಸಾರ್."

"ಇಸವಿ ತಿದ್ದೋದು ಬೇರೆ, ಇದು ಬೇರೆ. ಬರೆದ ಹಾಗೆ ಟೈಪ್ ಮಾಡೋದು ನಿಮ್ಮ ಅಂಗಡಿ ರೂಲ್ ತಾನೆ?"

"ಹೌದು ಸಾರ್. ಮಾಡಿದೋರು ಗುರುತು ಹಾಕೋದೂ ರೂಲೇ. ಈ ಹಾಳೆ ಕೆಳಗೆ ನನ್ನ ಗುರುತು ಹಾಕಲ್ಲ."

ಅವರ ನಗು ಹೋಯಿತು. ಸಾಹೇಬರ ಕಡೆ ತಿರುಗಿದರು. ಸಾಹೇಬರು ಕನ್ನಡಕ ಒರೆಸುತ್ತಾ, "ಗುರುತು ಇಲ್ಲದ ಹಾಳೆ ನಮ್ಮ ಅಂಗಡಿಯಿಂದ ಆಚೆ ಹೋಗಲ್ಲ ಸಾರ್, ಏನ್ ಮಾಡ್ಲಿ" ಎಂದರು. ಲೆಕ್ಚರರ್ ಕಂತೆ ಎತ್ತಿಕೊಂಡು ನೇರ ನಾಲ್ಕನೇ ನಂಬರಿಗೆ ಹೋದರು. "ನೀವು ಮಾಡ್ರೀ. ಎಂಟು ಪುಟ ಉಳಿದಿದೆ ಅಷ್ಟೆ."

ಸಂಪತ್ ಅಣ್ಣ ಕಂತೆಯನ್ನು ಮುಟ್ಟಲಿಲ್ಲ. ನವೆಂಬರಿನಿಂದ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಈಗಲೂ ನನ್ನ ಕಡೆ ನೋಡಲಿಲ್ಲ. ಮೆಲ್ಲಗೆ ಹೇಳಿದರು, "ಹಾಕಬಾರದ ಕಡೆ ಒಂದು ಸಲ ಗುರುತು ಹಾಕ್ಬಿಟ್ಟಿದೀನಿ ಸಾರ್. ಸಾಕು."

ಲೆಕ್ಚರರ್ ಡಿಟಿಪಿ ಅಂಗಡಿಗೆ ಹೋದರು. ಪ್ರಬಂಧ ಅಚ್ಚಾಯಿತು, ಪದವಿಯೂ ಬಂತು ಎಂದು ಕೇಳಿದೆ. ಬೇಡವೆಂದು ಬಿಟ್ಟುಹೋದ ಜೆರಾಕ್ಸ್ ನನ್ನಲ್ಲೇ ಉಳಿಯಿತು. ಸಂಪತ್ ಅಣ್ಣನನ್ನು ಆ ಒಂದು ಮಾತಿಗಾಗಿ ನೆನೆಯುತ್ತೇನೆ, ಆದರೆ ಕ್ಷಮಿಸಿದ್ದೇನೆ ಎಂದು ಸುಳ್ಳು ಹೇಳಲಾರೆ. ಬೇಸಿಗೆಯಲ್ಲಿ ಪರೀಕ್ಷೆ ಬರೆದೆ. ಹಾಲ್ ಟಿಕೆಟ್ ಬಂದ ದಿನ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದಕ್ಕ ಖರೇ ಹೆಸರದ" ಎಂದ.

ಎಂ.ಎ. ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡ ವಿಷಯವೂ ಇಟಲಿ ಬೀಬಿಯೇ. ಅಷ್ಟು ಹೊತ್ತಿಗೆ ಎಲ್ಲರೂ ಕಂಪ್ಯೂಟರಿನಲ್ಲಿ ಮಾಡಿಸುತ್ತಿದ್ದರು. ನಾನು ಹಟ ಹಿಡಿದು, ರಜೆಯ ದಿನಗಳಲ್ಲಿ ಸಾಹೇಬರ ಅಂಗಡಿಗೆ ಹೋಗಿ, ಒಂದನೇ ನಂಬರಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಟೈಪ್ ಮಾಡಿದೆ. ಆಕೆ ಬರೆದ ಎರಡನೇ ಪತ್ರಕ್ಕೆ ಒಂದು ಅಧ್ಯಾಯ, ಮೌನವೆಂದು ಕರೆಸಿಕೊಂಡ ವರ್ಷಗಳಿಗೆ ಇನ್ನೊಂದು. ಹೊಲಿಸಿದ ಪ್ರತಿಯನ್ನು ಮನೆಗೆ ತಂದ ಸಂಜೆ ಅಪ್ಪ ಅಂಗಳದ ಕಟ್ಟೆಗೆ ಬಂದು ಕೂತ. ಎಂಟು ಮನೆಯವರೂ ಬಂದರು.

"ಓದು" ಎಂದ.

"ಅಪ್ಪಾ, ಎಂಬತ್ತು ಪುಟ ಅದ."

"ಹಂಗಾದ್ರ ಕಡೀದು ಓದು."

ಕೊನೆಯ ಪುಟ ಓದಿದೆ. ಆಕೆ ಲೇಖನಿ ಕೆಳಗಿಡಲಿಲ್ಲ ಎಂದು ಶುರುವಾಗುವ ಪುಟ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಯಾರೂ ಆಕಳಿಸಲಿಲ್ಲ. ಮುಗಿಸಿ ಪುಸ್ತಕ ಮುಚ್ಚುವಷ್ಟರಲ್ಲಿ ಅಪ್ಪ ಬೆರಳಿನಿಂದ ಹಾಳೆಯನ್ನು ತಡೆದ. ಸುಣ್ಣ ಸಿಮೆಂಟಿನಲ್ಲಿ ಸವೆದ ಆ ಬೆರಳು ಎಡಗಡೆಯ ಕೆಳಮೂಲೆಯನ್ನು ತಾನೇ ಹುಡುಕಿಕೊಂಡು ಹೋಯಿತು.

"ಕೆಳಗ ಯಾರ ಹೆಸರದ?"

"ನಂದೇ ಅಪ್ಪಾ."

"ಜೋರಾಗಿ ಓದು" ಎಂದ.

ಓದಿದೆ.